ಕೆಂಪು ದೀಪದ ಮುಂದೆ ಇಬ್ಬರು

ನಾಗಪುರದಿಂದ ಛಿಂದವಾಡಾ ಕಡೆಗೆ ಹೋಗುವ ರಸ್ತೆಯಲ್ಲಿ ಕೋರಾಡಿ. ಕೆರೆ, ಜಗದಂಬೆಯ ಗುಡಿ, ಅವುಗಳ ಆಚೆ ಉಷ್ಣವಿದ್ಯುತ್ ಕೇಂದ್ರದ ಚಿಮಣಿಗಳು. 1974ರಲ್ಲಿ 115 ಮೆಗಾವ್ಯಾಟಿನ ಘಟಕದಿಂದ ಸುರುವಾದ ಆ ಕೇಂದ್ರದಲ್ಲಿ ಈಗ 660 ಮೆಗಾವ್ಯಾಟಿನ ಮೂರು ಘಟಕಗಳಿವೆ. ಮೇ ತಿಂಗಳ ಮಧ್ಯಾಹ್ನ ಇಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ.

ಮಾತಾಡುವವರಲ್ಲಿ ಹಿರಿಯರು ಧಾರವಾಡದ ಕಡೆಯವರು. ವಿದ್ಯುತ್ ಕೇಂದ್ರದ ಪಂಪುಗಳ ನಡುವೆ ನೌಕರಿ ಮುಗಿಸಿ ಇಲ್ಲೇ ಎರಡಂತಸ್ತಿನ ಮನೆ ಕಟ್ಟಿಕೊಂಡಿದ್ದಾರೆ. ತರುಣ ಅವರ ಅಣ್ಣನ ಮಗ, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನಳದ ನೀರು ಮನೆಯ ನೆಲದ ಟಾಕಿಗೆ ಬೀಳುತ್ತದೆ. ಅಲ್ಲಿಂದ ಅರ್ಧ ಎಚ್‌ಪಿ ಪಂಪು, ಅದರ ಮೇಲೆ ಕೂಡಿಸಿದ ಪ್ರೆಶರ್ ಕಂಟ್ರೋಲರ್, ಮುಂದೆ ಇಡೀ ಮನೆಗೆ ಪೈಪು. ದೂರು ಎರಡು. ನಡುರಾತ್ರಿ ಯಾರೂ ನಳ ಬಿಡದಿದ್ದರೂ ನಾಲ್ಕೈದು ನಿಮಿಷಕ್ಕೊಮ್ಮೆ ಪಂಪು ತಾನಾಗಿ ತಿರುಗುತ್ತದೆ. ಸಂಜೆ ಕೆಂಪು ದೀಪ ಹತ್ತಿಸಿ ನಿಂತುಬಿಡುತ್ತದೆ.

ತರುಣ: ಕಾಕಾ, ಇದರ ಮ್ಯಾಲ ಇನ್ನ ಹೊತ್ತು ಕಳಿಯೂದು ಬ್ಯಾಡ. ಕಂಟ್ರೋಲರ್ ತಗದು ಹೊಸಾದು ಹಾಕೋಣ. ಇವತ್ತು ಆರ್ಡರ್ ಮಾಡಿದ್ರ ಎರಡು ದಿನದಾಗ ಬಾಗಲಿಗೆ ಬರತದ.

ಹಿರಿಯರು: ಹಳೇದು ಕೆಟ್ಟದ ಅಂತ ನಿನಗ ಹೆಂಗ ಗೊತ್ತಾತು?

ತರುಣ: ರಾತ್ರಿ ಎಲ್ಲಾರೂ ಮಲಗಿದಾಗ ಸುರುವಾಗತದ. ಸಂಜಿಮುಂದ ನೀರು ಬೇಕಾದಾಗ ನಿಲ್ಲತದ. ಇದಕ್ಕಿಂತ ಬ್ಯಾರೆ ಸಾಕ್ಷಿ ಏನು ಬೇಕ್ರಿ?

ಹಿರಿಯರು: ಅದು ಪಂಪು ಏನು ಮಾಡತದ ಅನ್ನೂದರ ವರದಿ. ಯಾಕ ಮಾಡತದ ಅನ್ನೂದು ಅದರಾಗ ಇಲ್ಲ. ಪ್ಲಾಂಟಿನ್ಯಾಗ ಪಂಪು ಟ್ರಿಪ್ ಆದ ಕೂಡ್ಲೆ ನಾವು ರಿಲೇ ಬದಲು ಮಾಡತಿರಲಿಲ್ಲ. ಅದು ಏನು ನೋಡಿ ಟ್ರಿಪ್ ಮಾಡ್ತು ಅಂತ ಮೊದಲು ಹುಡುಕತಿದ್ವಿ. ಹತ್ತು ಸಲದಾಗ ಬಹಳಷ್ಟು ಸಲ ರಿಲೇ ಹೇಳಿದ್ದು ಖರೇ ಇರತಿತ್ತು.

ತರುಣ: ಪ್ಲಾಂಟಿನ ಪಂಪಿಗೆ ಕೋಟಿಗಟ್ಟಲೆ ರೊಕ್ಕ. ಇದು ಎರಡು ಮೂರು ಸಾವಿರದ ಪ್ಲಾಸ್ಟಿಕ್ ಡಬ್ಬಿ. ನಿಮ್ಮ ಅರ್ಧ ದಿನಕ್ಕ ಬೆಲಿ ಇಲ್ಲೇನು?

ಹಿರಿಯರು: ಡಬ್ಬಿ ಸಣ್ಣದಿದ್ರೂ ಅದರೊಳಗಿನ ವಿಚಾರ ದೊಡ್ಡ ಪಂಪಿಂದೇ. ಇದಕ್ಕ ಗೊತ್ತಾಗೂದು ಎರಡೇ ಸಂಗತಿ. ಒಳಗ ಒಂದು ರಬ್ಬರ್ ಪೊರಿ ಅದ, ಅದರ ಹಿಂದ ಸ್ಪ್ರಿಂಗ್. ಒತ್ತಡ ಒಂದೂವರೆ ಬಾರಿಗಿಂತ ಕೆಳಗ ಇಳದ್ರ ಪೊರಿ ಸರೀತದ, ಪಂಪು ಸುರುವಾಗತದ. ಎರಡನೇದ್ದು, ನೀರಿನ ದಾರ್ಯಾಗ ಒಂದು ಸಣ್ಣ ಬಿಲ್ಲಿ, ಅದಕ್ಕ ಅಯಸ್ಕಾಂತ ಅಂಟಿಸಿರತಾರ. ನೀರು ಹರದ್ರ ಅದು ಏಳತದ, ಹರಿಯೂದು ನಿಂತ್ರ ಕೂಡತದ. ಅದು ಕೂತು ಹತ್ತು ಸೆಕೆಂಡಿನ ಮ್ಯಾಲ ಪಂಪು ಬಂದ್.

ತರುಣ: ಅಂದ್ರ ಸುರುವಾಗೂದು ಒತ್ತಡ ನೋಡಿ, ನಿಲ್ಲೂದು ಹರಿವು ನೋಡಿ. ಒತ್ತಡ ಏರಿದ ಮ್ಯಾಲ ನಿಲ್ಲತದ ಅಂತ ನಾ ತಿಳಕೊಂಡಿದ್ದೆ.

ಹಿರಿಯರು: ಅದು ಹಳೇ ಪ್ರೆಶರ್ ಸ್ವಿಚ್ಚಿನ ರೀತಿ. 1.4 ಬಾರಿಗೆ ಸುರು, 2.8ಕ್ಕ ಬಂದ್. ಅದಕ್ಕ ಗಾಳಿ ತುಂಬಿದ ಟಾಕಿ ಜೋಡಿ ಇರಬೇಕು. ಇದಕ್ಕ ಟಾಕಿ ಬ್ಯಾಡ ಅಂತಲೇ ಮಂದಿ ಇದನ್ನ ತಗೋತಾರ.

ತರುಣ: ತಡೀರಿ, ನಾ ನಮ್ಮ ಭಾಷಾದಾಗ ಹೇಳಿ ನೋಡ್ತೀನಿ. ಇನ್‌ಪುಟ್ ಎರಡು, ಹಂಗಾರ ಸ್ಥಿತಿ ನಾಲ್ಕು. ಒತ್ತಡ ಅದ, ಹರಿವಿಲ್ಲ: ನಳ ಎಲ್ಲಾ ಬಂದ್ ಆಗ್ಯಾವ, ನಿಲ್ಲಬೇಕು. ಒತ್ತಡಾನೂ ಅದ, ಹರಿವೂ ಅದ: ನಡೀಬೇಕು. ಒತ್ತಡ ಕಡಿಮಿ, ಹರಿವದ: ಮೂರು ನಾಲ್ಕು ನಳ ಕೂಡೇ ಬಿಟ್ಟಾರ, ಆವಾಗೂ ನಡೀಬೇಕು. ಒತ್ತಡಾನೂ ಇಲ್ಲ, ಹರಿವೂ ಇಲ್ಲ: ತಿರಗಿ ನೋಡಬೇಕು, ಏನೂ ಬರಲಿಲ್ಲಂದ್ರ ಟಾಕಿ ಖಾಲಿ ಅಂತ ತಿಳದು ಕೆಂಪು ದೀಪ ಹಚ್ಚಬೇಕು.

ಹಿರಿಯರು: ಬರೋಬರಿ. ಈಗ ನಿನ್ನ ರಾತ್ರಿ ದೂರು ಈ ನಾಲ್ಕರಾಗ ಇಟ್ಟು ನೋಡು.

ತರುಣ: ಸುರುವಾಗತದ ಅಂದ್ರ ಒತ್ತಡ ಇಳದದ. ಯಾರೂ ನಳ ಬಿಟ್ಟಿಲ್ಲ. ಹಂಗಾರ ನೀರು ಎಲ್ಲೋ ಹೊಂಟದ. ಆದ್ರ ಕಾಕಾ, ಮನ್ಯಾಗ ಎಲ್ಲೂ ಹಸಿ ಇಲ್ಲ, ಗ್ವಾಡಿ ಒಣಾ ಅದ.

ಹಿರಿಯರು: ಹೊಂಟ ನೀರಿಗೆ ದಾರಿ ಎರಡು. ಮುಂದ ಮನ್ಯಾಗ ಸೋರಬೇಕು, ಇಲ್ಲಾ ಹಿಂದ ಟಾಕಿಗೇ ಇಳೀಬೇಕು. ಕಂಟ್ರೋಲರಿನ ಮುಂದಿನ ವಾಲ್ವ್ ಬಂದ್ ಮಾಡಿ ಗೇಜಿನ ಮುಳ್ಳು ನೋಡು. ಮುಳ್ಳು ಇಳೀತಂದ್ರ ಒಳಗಿನ ಬಿಲ್ಲಿ ಸರಿಯಾಗಿ ಕೂಡವಲ್ದು, ನೀರು ಹಿಂದಕ್ಕ ಇಳೀಲಿಕ್ಕೆ ಹತ್ತೇದ. ಮುಳ್ಳು ನಿಂತ್ರ ತಪ್ಪು ಮನ್ಯಾಗ.

ತರುಣ: ನಿನ್ನಿ ರಾತ್ರಿ ನೀವು ವಾಲ್ವ್ ಬಂದ್ ಮಾಡಿ ಬ್ಯಾಟರಿ ಹಿಡಕೊಂಡು ನಿಂತಿದ್ದು ಅದಕ್ಕೇನು?

ಹಿರಿಯರು: ಮುಳ್ಳು ಅಲ್ಲಾಡಲಿಲ್ಲ. ಕಂಟ್ರೋಲರ್ ಚೊಲೋ ಅದ. ಮುಂಜಾನೆ ಎರಡೂ ಸಂಡಾಸಿನ ಫ್ಲಶ್ ಟಾಕ್ಯಾಗ ಒಂದೊಂದು ಚಮಚಾ ಶಾಯಿ ಹಾಕಿದೆ. ಕೆಳಗಿಂದು ಸ್ವಚ್ಛ ಉಳೀತು. ಮ್ಯಾಲಿಂದರ ಕಮೋಡಿನ್ಯಾಗ ಅರ್ಧ ತಾಸಿನ್ಯಾಗ ನೀಲಿ ಬಂತು. ರಬ್ಬರ್ ಒಣಗಿ ಅಂಚು ಬಿಟ್ಟದ. ನೀರು ಸಪ್ಪಳಿಲ್ಲದ ಗಟಾರಕ್ಕ ಹೊಂಟದ, ಅದಕ್ಕ ನಿನಗ ಹಸಿ ಕಾಣಲಿಲ್ಲ.

ತರುಣ: ಅಷ್ಟು ಸಣ್ಣ ಸೋರಿಕಿಗೆ ಪಂಪು ಯಾಕ ಏಳಬೇಕು? ಕಣ್ಣಿಗೂ ಕಾಣದಷ್ಟು ನೀರು ಅದು.

ಹಿರಿಯರು: ಯಾಕಂದ್ರ ನೀರು ಒತ್ತಿದ್ರ ಕುಗ್ಗಂಗಿಲ್ಲ. ಬಂದ್ ಮಾಡಿದ ಪೈಪಿನ್ಯಾಗ ಮೂರು ಬಾರ್ ಹಿಡದಿಟ್ಟಿರೂದು ಪೈಪಿನ ತುಸು ಹಿಗ್ಗು, ಎಲ್ಲೋ ಮೂಲ್ಯಾಗ ಸಿಕ್ಕ ಒಂದಿಷ್ಟು ಗಾಳಿ, ಅಷ್ಟೇ. ಅರ್ಧ ಲೋಟ ನೀರು ಹೊರಗ ಹೋತಂದ್ರ ಮೂರಿದ್ದದ್ದು ಒಂದೂವರೆಗೆ ಬೀಳತದ.

ತರುಣ: ಹಂಗಾರ ಇದಕ್ಕ ಖರೇ ಮದ್ದು ಗಾಳಿ ಟಾಕಿ. 24 ಲೀಟರಿಂದು ಒಂದು ಜೋಡಸೋಣ. ಲೆಕ್ಕ ಹಾಕಿ ನೋಡಿದೆ, ಅದಕ್ಕ 1.3 ಬಾರ್ ಗಾಳಿ ತುಂಬಿಟ್ರ ಒತ್ತಡ ಮೂರರಿಂದ ಒಂದೂವರೆಗೆ ಇಳಿಯೂದ್ರಾಗ ಎಂಟು ಲೀಟರ್ ನೀರು ಕೊಡತದ. ಒಂದು ಲೋಟ ನೀರಿಗೆ, ಕೈ ತೊಳಿಲಿಕ್ಕೆ ಪಂಪು ಏಳೂದೇ ಇಲ್ಲ. ರಾತ್ರಿ ಇಡೀ ನಿದ್ದಿ ಮಾಡತದ.

ಹಿರಿಯರು: ಮತ್ತ ಆ ಸೋರಿಕಿ?

ತರುಣ: ಸೋರಿಕಿ ರಿಪೇರಿ ಮಾಡಸೋಣ, ಮಾಡಸಬ್ಯಾಡ್ರಿ ಅಂದೆನೇನು ನಾನು?

ಹಿರಿಯರು: ಟಾಕಿ ಇದ್ದಿದ್ರ ಅದು ನಿನಗ ಗೊತ್ತೇ ಆಗತಿರಲಿಲ್ಲ, ಅದನ್ನ ವಿಚಾರ ಮಾಡು. ತಾಸಿಗೆ ಒಂದು ಲೀಟರ್ ಹೋತಂತ ಹಿಡಿ. ನಿನ್ನ ಎಂಟು ಲೀಟರ್ ಕೊಡೂ ಟಾಕಿ ಎಂಟು ತಾಸಿಗೊಮ್ಮೆ ಪಂಪು ಎಬ್ಬಿಸತಿತ್ತು. ಯಾರ ಲಕ್ಷ್ಯಕ್ಕೂ ಬರತಿರಲಿಲ್ಲ. ವರ್ಷಕ್ಕ ಎಂಟು ಸಾವಿರದ ಏಳುನೂರು ಲೀಟರ್ ಕುಡಿಯೂ ನೀರು ಗಟಾರಕ್ಕ ಹೋಗತಿತ್ತು. ಮೇ ತಿಂಗಳಾಗ ಈ ಊರಿನ್ಯಾಗ ಎಂಟು ಸಾವಿರ ಲೀಟರ್ ಅಂದ್ರ ಏನು ಅಂತ ಟ್ಯಾಂಕರಿನವರನ್ನ ಕೇಳು.

ತರುಣ: ಆದ್ರ ಈ ಪಂಪು ತಾಸಿಗೆ ಹದಿನೈದು ಸಲ ಸುರುವಾಗಿ ನಿಲ್ಲಲಿಕ್ಕೆ ಹತ್ತೇದ. ಸುರುವಾಗೂ ಗಳಿಗ್ಯಾಗ ಮೋಟರು ಐದಾರು ಪಟ್ಟು ಕರೆಂಟ್ ಎಳೀತದ ಅಂತ ನೀವೇ ಹೇಳ್ತೀರಿ. ಪ್ರತಿ ಸಲ ರಿಲೇದ ಪಾಯಿಂಟ್ ಸುಡತದ. ಒಂದು ದಿನ ಅವು ಎರಡೂ ಕೂಡಿ ಅಂಟಿಬಿಡ್ತಾವ, ಆವಾಗ ಪಂಪು ನಿಲ್ಲೂದೇ ಇಲ್ಲ. ಸೋರಿಕಿ ಗೊತ್ತಾಗಲಿ ಅಂತ ಮಷೀನು ಸವಸೂದು ಯಾವ ನ್ಯಾಯ? ಸೋರಿಕಿ ಹಿಡೀಲಿಕ್ಕೆ ಬ್ಯಾರೆ ಹಾದಿ ಅದ. ಪಂಪಿನ ಮುಂದಿನ ಪೈಪಿಗೆ ಮೀಟರ್ ಹಾಕಿ, ರಾತ್ರಿ ಮಲಗೂಮುಂದ ಓದಿ, ಮುಂಜಾನೆ ಮತ್ತ ಓದಿದ್ರ ಆತು.

ಹಿರಿಯರು: ಓದತೀಯೇನು ದಿನಾ?

ತರುಣ: ನೀವು ಓದ್ತೀರಿ ಅಂತ ನನಗ ಗೊತ್ತದ. ಎಲ್ಲಾ ಮನ್ಯಾಗ ನಿಮ್ಮಂಥವರು ಇರಂಗಿಲ್ಲ.

ನನ್ನ ಮಟ್ಟಿಗೆ ಇಲ್ಲಿ ತರುಣನ ಮಾತಿಗೇ ತೂಕ ಹೆಚ್ಚು. ಪಂಪಿನ ಸಪ್ಪಳವನ್ನೇ ಸೋರಿಕೆಯ ಗಂಟೆ ಮಾಡಿಕೊಂಡರೆ ಅದು ದುಬಾರಿ ಗಂಟೆ. ಆದರೆ ಗಾಳಿ ಟಾಕಿಯನ್ನು ಹಾಕಿ ಮರೆತುಬಿಟ್ಟ ಮನೆಗಳೂ ಬೇಕಾದಷ್ಟಿವೆ. ಒಳಗಿನ ರಬ್ಬರ್ ಚೀಲ ಹರಿದು ಟಾಕಿಯ ತುಂಬ ನೀರೇ ನಿಂತಿರುತ್ತದೆ, ಪಂಪು ಕ್ಷಣಕ್ಕೊಮ್ಮೆ ಕುಣಿಯುತ್ತಿರುತ್ತದೆ. ಆಗ ಟಾಕಿಯ ತುದಿಗಿರುವ ಸೈಕಲ್ ಟ್ಯೂಬಿನಂಥ ವಾಲ್ವಿನ ಪಿನ್ನು ಒತ್ತಬೇಕು. ಗಾಳಿಯ ಬದಲು ನೀರು ಬಂದರೆ ಚೀಲ ಹೋಯಿತು. ಗಾಳಿಯೂ ಬರದೆ ನೀರೂ ಬರದಿದ್ದರೆ ಪಂಪು ಬಂದ್ ಮಾಡಿ, ಪೈಪಿನ ಒತ್ತಡ ಬಿಟ್ಟು, ಸೈಕಲ್ ಪಂಪಿನಿಂದ ಗಾಳಿ ತುಂಬಿದರಾಯಿತು. ಇದನ್ನು ಗೊತ್ತಿದ್ದವರು ಹೇಳಿಕೊಡದೆ ಎಷ್ಟೋ ಟಾಕಿಗಳು ಗುಜರಿಗೆ ಹೋಗುತ್ತವೆ.

ತರುಣ: ರಾತ್ರಿದು ಆತು. ಸಂಜಿದು ಹೇಳ್ರಿ. ಅದಕ್ಕ ನನ್ನ ಹತ್ರ ಉತ್ತರ ಅದ. ವೋಲ್ಟೇಜ್. ನಿನ್ನಿ ಏಳು ಗಂಟೆಗೆ ಮಲ್ಟಿಮೀಟರ್ ಹಚ್ಚಿದ್ರ 195 ತೋರಸ್ತು. ಎಲ್ಲಾರ ಮನ್ಯಾಗ ಕೂಲರ್ ನಡದಿರತಾವ.

ಹಿರಿಯರು: 195 ಕಡಿಮೀನೇ. ಮೋಟರಿನ ತಿರುಗು ಬಲ ವೋಲ್ಟೇಜಿನ ವರ್ಗದ ಹಂಗ ಇಳೀತದ. 230ಕ್ಕ ನೂರು ಇದ್ರ 195ಕ್ಕ 72.

ತರುಣ: ಇಷ್ಟು ದೊಡ್ಡ ಕರೆಂಟಿನ ಕಾರಖಾನಿ ಮಗ್ಗಲಾಗ ಇಟ್ಕೊಂಡು ನಮ್ಮ ಮನಿಗೆ 195!

ಹಿರಿಯರು: ಕಾರಖಾನಿ ಮಗ್ಗಲಾಗ ಅದ, ಅದರ ತಂತಿ ನಮ್ಮ ಮನಿಗೆ ಬರಂಗಿಲ್ಲ. ಇಲ್ಲೆ ತಯಾರಾದದ್ದು 400 ಕೆವಿ ಲೈನ್ ಹತ್ತಿ ಗ್ರಿಡ್ ಸೇರತದ. ನಮಗ ಬರೂದು ಸಬ್‌ಸ್ಟೇಶನ್ನಿನಿಂದ 11 ಕೆವಿ ಆಗಿ, ಓಣಿ ಟ್ರಾನ್ಸ್‌ಫಾರ್ಮರಿನ್ಯಾಗ ಇಳದು. ಆ ಟ್ರಾನ್ಸ್‌ಫಾರ್ಮರಿನ ಮ್ಯಾಲ ಎಷ್ಟು ಕೂಲರು, ನಮ್ಮ ಮನಿ ಎಷ್ಟನೇ ಕಂಬಕ್ಕ ಅದ, ಅದರ ಮ್ಯಾಲ ನಮ್ಮ ವೋಲ್ಟೇಜ್. ಆದ್ರ ನಿನ್ನ ಕೆಂಪು ದೀಪಕ್ಕ ವೋಲ್ಟೇಜ್ ಕಾರಣ ಅಲ್ಲ ಅಂತ ನನಗ ಅನಸತದ. ಒಂದು ಪ್ರಶ್ನಿ ಕೇಳ್ತೀನಿ. ದೀಪ ಕೆಂಪಾಗೂದು ನಳ ಬಂದ್ ಮಾಡಿದ ಮ್ಯಾಲೋ, ನಳ ಬಿಟ್ಟಿದ್ದಾಗೋ?

ತರುಣ: ಅದರಾಗ ಏನು ಫರಕು?

ಹಿರಿಯರು: ಎಲ್ಲಾ ಫರಕು ಅದರಾಗೇ ಅದ. ಪಂಪು ಸೋತದ ಅಂತ ತಿಳಿ. ಇಂಪೆಲ್ಲರ್ ಸವದದ, ಇಲ್ಲಾ ವೋಲ್ಟೇಜ್ ಇಲ್ಲದ ವೇಗ ಬಿದ್ದದ. ಹಿಂಗಾದ್ರ ನಳ ಬಿಟ್ಟಿದ್ದಾಗ ಏನೋ ಒಂದಿಷ್ಟು ಹರೀತದ, ಕಂಟ್ರೋಲರ್ ಹರಿವು ಕಂಡು ಸುಮ್ಮನಿರತದ. ನಳ ಬಂದ್ ಮಾಡಿದ ಮ್ಯಾಲ ಹರಿವು ಹೋತು, ಒತ್ತಡಾನೂ ಒಂದೂವರೆಗೆ ಏರಲಿಲ್ಲ. ಆವಾಗ ಕೆಂಪು. ಅದೇ ನಳ ಪೂರ್ತಿ ಬಿಟ್ಟಿದ್ದಾಗೇ ಕೆಂಪು ಬಿತ್ತಂದ್ರ, ಹರಿಯೂ ನೀರು ನಡುವ ಕಡದದ. ಅದು ಗಾಳಿ. ಹೋಗಿ ನಿಮ್ಮ ಕಾಕೂನ್ನ ಕೇಳಿ ಬಾ.

ತರುಣ: (ಒಳಗೆ ಹೋಗಿ ಬಂದು) ಭಾಂಡಿ ತೊಳೀಲಿಕ್ಕೆ ನಳ ಬಿಟ್ಟಾಗೇ ಅಂತ. ಮೊದಲು ನೀರು ಬೆಳ್ಳಗ ನೊರಿ ನೊರಿಯಾಗಿ ಬರತದ, ಆಮ್ಯಾಲ ಬುಸ್ ಬುಸ್ ಅಂತದ, ಆಮ್ಯಾಲ ನಿಲ್ಲತದ.

ಹಿರಿಯರು: ದಿನಾ ಪಂಪು ಬಳಸೂ ಮನುಷ್ಯಾನ್ನ ಕೇಳದ ನೀ ಮಲ್ಟಿಮೀಟರ್ ಹಚ್ಚಿದಿ. ನಾನೂ ಆಕಿನ್ನ ಕೇಳಬೇಕಿತ್ತು ಮೊದಲು. ಟಾಕಿ ಮುಚ್ಚಳಾ ತಗಿ. ನೋಡಿದೇನು, ನೀರು ಎಷ್ಟು ಕೆಳಗ ಹೋಗೇದ? ಫುಟ್‌ವಾಲ್ವ್ ಗೇಣು ನೀರಿನ್ಯಾಗ ಅದ. ಪಂಪು ಎಳದಾಗ ಅಲ್ಲೆ ಸುಳಿ ಏಳತದ, ಸುಳಿಯೊಳಗಿಂದ ಗಾಳಿ ಹೋಗತದ. ಮುಂಜಾನೆ ನಳ ಬಂದು ಟಾಕಿ ತುಂಬಿರತದ, ಅದಕ್ಕ ಮುಂಜಾನೆ ಈ ತಕರಾರಿಲ್ಲ.

ತರುಣ: ಎಳಿಯೂ ಪೈಪಿನ ಜೋಡಣಿ ಸಡಲಾಗಿದ್ರೂ ಗಾಳಿ ಹೋಗತದಲ್ರಿ? ಆ ಯೂನಿಯನ್ನಿನ ಮ್ಯಾಲ ದಿನಾ ಬಿಸಿಲು ಬೀಳತದ.

ಹಿರಿಯರು: ಹೋಗತದ, ಚೊಲೋ ಕೇಳಿದಿ. ಅಲ್ಲೆ ನೀರು ಹೊರಗ ಸೋರಂಗಿಲ್ಲ, ಗಾಳಿ ಒಳಗ ಹೋಗತದ, ಅದಕ್ಕ ಕಣ್ಣಿಗೆ ಕಾಣಂಗಿಲ್ಲ. ಪಂಪು ನಡದಿದ್ದಾಗ ಸಾಬೂನಿನ ನೊರಿ ಹಚ್ಚಿ ನೋಡು. ಎಲ್ಲೆ ನೊರಿ ಒಳಗ ಎಳಕೋತದ, ಅಲ್ಲೆ ಟೆಫ್ಲಾನ್ ಸುತ್ತಬೇಕು. ಆದ್ರ ಹೊತ್ತಿಗೆ ಸರಿಯಾಗಿ ಸಂಜಿಗೇ ಬರೂ ತಕರಾರು ಅಂದ್ರ ನನ್ನ ಸಂಶೇ ನೀರಿನ ಮಟ್ಟದ ಮ್ಯಾಲ.

ತರುಣ: ಅಂದ್ರ ಎರಡೂ ಸಲ ಕಂಟ್ರೋಲರ್ ಹೇಳಿದ್ದು ಖರೇ. ಇದನ್ನ ಒಪ್ಪಿದೆ. ಗುಂಯ್ ಅಂದು ತಿರಗದ ನಿಂತಿದ್ರ?

ಹಿರಿಯರು: ಅದು ಬ್ಯಾರೆ ರೋಗ. ಕೆಪಾಸಿಟರ್ ಬಲ ಹೋಗಿರತದ, ಇಲ್ಲಾ ಬೋರಿನ ಗಡಸು ನೀರಿನ ಸುಣ್ಣ ಕಟ್ಟಿ ಇಂಪೆಲ್ಲರ್ ಹಿಡದಿರತದ. ಮೇನ್ ಬಂದ್ ಮಾಡಿ, ಹಿಂದಿನ ಫ್ಯಾನಿನ ಕಡಿಯಿಂದ ದಂಡ ಕೈಲೆ ತಿರಗಿಸಿ ನೋಡಬೇಕು. ಕೆಪಾಸಿಟರಿನ್ಯಾಗ ಕರೆಂಟು ಬಂದ್ ಮಾಡಿದ ಮ್ಯಾಲೂ ಉಳದಿರತದ, ಅದನ್ನ ಬರಿಗೈಲೆ ಮುಟ್ಟಬಾರದು. ನಮ್ಮಲ್ಲೆ ಪರ್ಮಿಟ್ ಬರಸದ, ಸ್ವಿಚ್ಚಿಗೆ ಚೀಟಿ ಕಟ್ಟದ ಯಾರೂ ಪಂಪಿಗೆ ಕೈ ಹಚ್ಚತಿರಲಿಲ್ಲ. ಮನಿ ಪಂಪು ಸಣ್ಣದು, ಅದರ 230 ವೋಲ್ಟ್ ಸಣ್ಣದಲ್ಲ.

ತರುಣ: ಅದೆಲ್ಲಾ ಸರಿ. ಈಗ ನನ್ನ ಮಾತು ಕೇಳ್ರಿ. ಈ ಕೆಂಪು ದೀಪ ಬಿದ್ದ ಮ್ಯಾಲ ಯಾರರೆ ಬಂದು ಬಟನ್ ಒತ್ತೂತನಕಾ ಮನ್ಯಾಗ ನೀರಿಲ್ಲ. ಬಟನ್ ಹೊರಗ ಬಿಸಿಲಾಗ. ನೀವು ಊರಾಗ ಇಲ್ಲಂದ್ರ ಕಾಕೂ ಆ ನೋಯೂ ಮೊಳಕಾಲು ಇಟ್ಕೊಂಡು ಪಾವಟಿಗಿ ಇಳದು ಬರಬೇಕು. ಆಟೋ ರೀಸೆಟ್ ಇರೂ ಕಂಟ್ರೋಲರ್ ಹಾಕಿದ್ರ ತಾನ ಸ್ವಲ್ಪ ಹೊತ್ತಿಗೊಮ್ಮೆ ಮತ್ತ ಪ್ರಯತ್ನ ಮಾಡತದ.

ಹಿರಿಯರು: ಖಾಲಿ ಟಾಕಿ ಇದ್ರೂ ಮಾಡತದ. ಪಂಪಿನ ಸೀಲು ತಂಪಾಗಿರೂದು ನೀರಿನಿಂದ. ನೀರಿಲ್ಲದ ತಿರಗಿದ್ರ ಸೀಲು ಸುಟ್ಟು, ನೀರು ಬೇರಿಂಗಿಗೆ ಇಳದು, ಮೋಟರೇ ಹೋಗತದ. ಟ್ರಿಪ್ ಆದದ್ದನ್ನ ಕಾರಣ ನೋಡದ ಮತ್ತ ಸುರು ಮಾಡಬಾರದು. ಇದು ನನ್ನ ಇಡೀ ನೌಕರಿಯ ಪಾಠ.

ತರುಣ: ಪ್ಲಾಂಟಿನ್ಯಾಗ ಮೂರೂ ಪಾಳಿಗೆ ಕಂಟ್ರೋಲ್ ರೂಮಿನ್ಯಾಗ ಮಂದಿ ಕೂತಿರತಿದ್ರು, ಕಾಕಾ. ಕಾರಣ ನೋಡಲಿಕ್ಕೆ ಅವರಿಗೆ ಪಗಾರ ಇತ್ತು. ಈ ಮನ್ಯಾಗ ಆ ಪಾಳಿ ಯಾರು ಮಾಡಬೇಕು? ಕಾಕೂನೇ?

ಹಿರಿಯರು: ...ಇದು ನನಗ ನಾಟಿತು. ಅದಕ್ಕೇ ನಾನು ಹೇಳೂದು, ಈ ಪಂಪಿನ ಜಂಜಾಟೇ ಬ್ಯಾಡ. ಮೊದಲಿನಂಗ ಮ್ಯಾಲಿನ ಟಾಕಿ ತುಂಬಿಸಿಟ್ರ ಕರೆಂಟ್ ಹೋದ್ರೂ ನೀರು ಬರತದ. ಒಂದು ಸಾವಿರ ಲೀಟರ್ ತಲಿ ಮ್ಯಾಲ ಇದ್ರ ಒಂದು ದಿನದ ಚಿಂತಿಲ್ಲ. ಭೂಮಿ ಎಳಿಯೂದಕ್ಕ ಕೆಪಾಸಿಟರ್ ಬೇಕಾಗಿಲ್ಲ, ರೀಸೆಟ್ ಬೇಕಾಗಿಲ್ಲ.

ತರುಣ: ಮ್ಯಾಲಿನ ಬಚ್ಚಲಮನಿ ನಳದಿಂದ ಟಾಕಿಗೆ ಎತ್ತರ ಎಷ್ಟು? ಮೂರು ಮೀಟರ್. ಹತ್ತು ಮೀಟರಿಗೆ ಒಂದು ಬಾರ್, ಅಂದ್ರ ನಿಮಗ ಸಿಗೂದು 0.3 ಬಾರ್. ಅಷ್ಟಕ್ಕ ಗ್ಯಾಸ್ ಗೀಜರ್ ಹತ್ತವಲ್ದಾಗಿತ್ತು. ಕಾಕೂ ಕೆಳಗ ನೀರು ಕಾಸಿ ಬಕೆಟ್ ಹೊತ್ತು ಮ್ಯಾಲ ಒಯ್ಯತಿದ್ರು, ಆ ಮೊಳಕಾಲು ಅದಕ್ಕೇ ಹೋಗಿದ್ದು. ಇನ್ನೊಂದು. ಮೇ ತಿಂಗಳ ಮಧ್ಯಾಹ್ನ ಆ ಕರೀ ಟಾಕಿ ನೀರಿನ್ಯಾಗ ಕೈ ಇಟ್ಟು ನೋಡೀರೇನು? ಕೈ ಸುಡತದ. ನೆಲದ ಟಾಕಿ ನೀರು ತಂಪಿರತದ, ಈ ಪಂಪು ಅದನ್ನೇ ನೇರ ನಳಕ್ಕ ತರತದ. ವಿದರ್ಭದ ಬಿಸಿಲಿಗೆ ಪಂಪೇ ಸರಿ.

ಹಿರಿಯರು: ಮ್ಯಾಲಿನ ಟಾಕಿಗೆ ಸುಣ್ಣಾ ಬಳದು ನೆಳ್ಳು ಮಾಡಬಹುದು. ಆದ್ರ ಗೀಜರಿನ ಮಾತಿಗೆ ನನ್ನ ಹತ್ರ ಉತ್ತರ ಇಲ್ಲ. ಆಕಿ ಬಕೆಟ್ ಒಯ್ಯೂದು ನಾ ಕಣ್ಣಾರೆ ನೋಡೇನಿ.

ತರುಣ: ಮತ್ತ ಒಂದು ಉಪಾಯ ಅದ, ನಿಮಗ ಸೇರಂಗಿಲ್ಲ. ಹಿಂದಿನ ಓಣ್ಯಾಗ ಎಷ್ಟೋ ಮಂದಿ ಟುಲ್ಲೂ ಪಂಪು ನೇರ ನಳದ ಪೈಪಿಗೇ ಜೋಡಿಸ್ಯಾರ. ಟಾಕಿ ಖಾಲಿ ಅನ್ನೂ ಮಾತೇ ಇಲ್ಲ.

ಹಿರಿಯರು: ಅದನ್ನ ಈ ಮನ್ಯಾಗ ಆಡಬ್ಯಾಡ. ನಳ ಎಲ್ಲಾರ ಪೈಪು. ನೀ ಎಳದ್ರ ಮುಂದಿನ ಮನಿಗೆ ಇಲ್ಲ. ಅಷ್ಟೇ ಆಗಿದ್ರ ಅನ್ಯಾಯ ಅಂತಿದ್ದೆ. ಎಳದಾಗ ಪೈಪಿನ್ಯಾಗ ಒತ್ತಡ ಹೊರಗಿನ ಗಾಳಿಗಿಂತ ಕೆಳಗ ಹೋಗತದ. ಆ ಪೈಪಿನ ಮಗ್ಗಲಾಗ ಗಟಾರ ಅದ. ಒಡದ ಜೋಡಣಿ ಒಂದು ಸಿಕ್ರ ಸಾಕು, ಗಟಾರದ ನೀರು ಒಳಗ ಹೋಗಿ ಇಡೀ ಓಣಿ ಕುಡೀತದ. ಈಗ ನೋಡಿದೆಲ್ಲ, ನಮ್ಮ ಪಂಪಿನ ಎಳಿಯೂ ಕಡಿ ಸಡಲ ಜೋಡಣಿ ಗಾಳಿ ಹೆಂಗ ಎಳಕೋತದ ಅಂತ. ಅಲ್ಲೆ ಗಾಳಿ ಬದಲು ಹೊಲಸು.

ತರುಣ: ನಿಮ್ಮ ಸಿಟ್ಟು ಖರೇ. ಆದ್ರ ಆ ಮಂದಿ ಹಟಕ್ಕ ಹಾಕಿಲ್ಲ. ಲೈನಿನ ತುದಿ ಮನಿ ಅವು. ಎಳೀಲಿಲ್ಲಂದ್ರ ಕೊಡ ತುಂಬಂಗಿಲ್ಲ. ಮೊದಲ ಮನ್ಯಾವ ಎಳೀತಾನ ಅಂತ ಎರಡನೇ ಮನ್ಯಾವ ಹಾಕ್ಯಾನ. ಪಂಪು ಕಸಕೊಂಡು ಹೋದ್ರ ತುದಿ ಮನಿಗೆ ನೀರು ಬರತದೇನು?

ಹಿರಿಯರು: ಎಲ್ಲಾರದೂ ಒಮ್ಮೆಲೆ ತಗದ್ರ ಬರತದ.

ತರುಣ: ಒಮ್ಮೆಲೆ ಯಾರು ತಗಸ್ತಾರ? 2008ರಾಗ ನಮ್ಮ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರ್ಗಿಯ ಕೆಲವು ವಾರ್ಡುಗಳಿಗೆ 24 ತಾಸು ನೀರು ಕೊಡಲಿಕ್ಕೆ ಸುರು ಮಾಡಿದ್ರಲ್ಲ? ಪೈಪು ಹೊಸಾದು, ಒಳಗ ಯಾವಾಗಲೂ ಒತ್ತಡ. ಅಂಥಲ್ಲೆ ನಳದಿಂದ ಎಳೀಬೇಕು ಅಂತ ಯಾರಿಗೆ ಅನಸತದ? ನೀರು ಬಿಟ್ಟು ಬಿಟ್ಟು ಬರೂದರ ಸಂಬಂಧ ಪ್ರತಿ ಮನ್ಯಾವ ಒಂದು ನೆಲದ ಟಾಕಿ, ಒಂದು ಪಂಪು, ಒಂದು ಕಂಟ್ರೋಲರ್ ಕಟ್ಟತಾನ. ಊರಿನ ಒಂದು ದೊಡ್ಡ ಪಂಪು ಮಾಡಬೇಕಾದ ಕೆಲಸ ಸಾವಿರ ಸಣ್ಣ ಪಂಪು ಮಾಡಲಿಕ್ಕೆ ಹತ್ಯಾವ.

ಹಿರಿಯರು: ಇದು ಒಪ್ಪೂ ಮಾತು. ಆ ವಾರ್ಡುಗಳಾಗೂ ಮೊದಲು ಸೋರಿಕಿ ಹಿಡದು ಪೈಪು ಬದಲು ಮಾಡಬೇಕಾತು, ಅದನ್ನೂ ನೆನಪಿಡು. ಸೋರೂ ಪೈಪಿನ್ಯಾಗ 24 ತಾಸು ಒತ್ತಡ ಇಟ್ರ 24 ತಾಸು ಸೋರತದ. ನಮ್ಮ ಕಮೋಡಿನ ಲೆಕ್ಕಾನೇ. ಇಲ್ಲೆ ಇನ್ನೊಂದು ಚೊಲೋ ಕೆಲಸ ಆಗೇದ. ನಾಗಪುರಕ್ಕ ಹೆಚ್ಚಿನ ಕುಡಿಯೂ ನೀರು ಪೇಂಚ್ ಹೊಳಿಯಿಂದ. ಈ ವಿದ್ಯುತ್ ಕೇಂದ್ರಾನೂ ಅದೇ ನೀರಿಗೆ ಬಾಯಿ ಹಾಕತಿತ್ತು. ಈಗ ಊರಿನ ಗಟಾರದ ನೀರು ಭಾಂಡೇವಾಡಿಯೊಳಗ ತೊಳದು, ದಿನಕ್ಕ ಹತ್ತು ಕೋಟಿ ಲೀಟರಿಗಿಂತ ಹೆಚ್ಚು ಇಲ್ಲಿಗೆ ಕಳಸ್ತಾರ. ಕೂಲಿಂಗ್ ಟವರಿಗೆ ಅದು ಸಾಕು. ಅಷ್ಟು ಹೊಳಿ ನೀರು ಮಂದಿಗೆ ಉಳೀತು. ಊರು ಅಷ್ಟು ಉಳಸಿದ್ದನ್ನ ನಾನು ಒಣಗಿದ ರಬ್ಬರಿನಿಂದ ಸೋರಿಸಿದ್ರ ನನಗ ಸಮಾಧಾನ ಇಲ್ಲ.

ತರುಣ: ನಿಮಗ ಸಮಾಧಾನ ಇಲ್ಲಂತ ಕಾಕೂನ ಅನುಕೂಲಕ್ಕ ಕಡಿಮಿ ಆಗಬಾರದಲ್ರಿ.

ಹಿರಿಯರು: ಆಗಬಾರದು. ಇವತ್ತು ಮಾಡೂದು ಇಷ್ಟು. ಫ್ಲಶ್ ಟಾಕಿ ರಬ್ಬರ್ ಬದಲು. ಫುಟ್‌ವಾಲ್ವಿಗೆ ಪೈಪು ಉದ್ದ ಮಾಡಿ ಕೆಳಗ ಇಳಸೂದು, ತಳದ ರಾಡಿ ಎಳೀದಂಗ ಗೇಣು ಮ್ಯಾಲ ಬಿಟ್ಟು. ಎಳಿಯೂ ಪೈಪಿನ ಯೂನಿಯನ್ನಿಗೆ ಹೊಸಾ ಟೇಪು. ಹಿಂಗ ಮಾಡಿದ್ರ ಹೊಸ ಕಂಟ್ರೋಲರ್ ಬೇಕಾಗೂದೇ ಇಲ್ಲ.

ತರುಣ: ಅದರ ಮ್ಯಾಲ ನಂದು ಎರಡು. ಗಾಳಿ ಟಾಕಿ, ಮತ್ತ ನೆಲದ ಟಾಕ್ಯಾಗ ಫ್ಲೋಟ್ ಸ್ವಿಚ್. ನೀರು ಕೆಳಗ ಹೋದ್ರ ಫ್ಲೋಟೇ ಪಂಪು ನಿಲ್ಲಸತದ. ಆವಾಗ ಆಟೋ ರೀಸೆಟ್ ಇದ್ರೂ ಖಾಲಿ ಟಾಕಿಯಿಂದ ಎಳಿಯೂ ಭಯ ಇಲ್ಲ.

ಹಿರಿಯರು: ಫ್ಲೋಟ್ ಹಾಕು, ಅದಕ್ಕ ನನ್ನ ಕೈನೂ ಹಚ್ಚತೀನಿ. ಆದ್ರ ಯೂನಿಯನ್ ಸಡಲಾಗಿ ಗಾಳಿ ಎಳದ್ರ ಫ್ಲೋಟಿಗೆ ಗೊತ್ತಾಗಂಗಿಲ್ಲ. ಟಾಕಿ ತುಂಬಿರತದ, ಪಂಪು ಒಣಾ ತಿರಗತದ, ನಿನ್ನ ರೀಸೆಟ್ ಮತ್ತ ಮತ್ತ ತಿರಗಸತದ.

ತರುಣ: ಮೂರು ಸಲ ಪ್ರಯತ್ನ ಮಾಡಿ ನಿಲ್ಲೂ ಹಂಗ ಇಟ್ರ?

ಹಿರಿಯರು: ಮೂರರ ಮ್ಯಾಲ ಮತ್ತ ಯಾರರೆ ಬಂದು ಬಟನ್ ಒತ್ತಬೇಕಲ್ಲ.

ತರುಣ: ದಿನಾ ಸಂಜಿಗೆ ಒತ್ತೂದಕ್ಕೂ ವರ್ಷಕ್ಕ ಒಂದೆರಡು ಸಲ ಒತ್ತೂದಕ್ಕೂ ಫರಕು ಅದ. ಬಟನ್ ತಂದು ಅಡಗಿಮನಿ ಬಾಗಲ ಹತ್ರ ಕೂಡಸ್ತೀನಿ, ಇಳಿಯೂದು ಹತ್ತೂದು ಬ್ಯಾಡ.

ಹಿರಿಯರು: ಬಟನ್ ಅಲ್ಲೆ ಬಂತಂದ್ರ ಆಟೋ ಯಾಕ ಬೇಕು? ಕಾರಣ ನೋಡಿ ಒತ್ತಿದ್ರ ಆತು.

ತರುಣ: ಕಾರಣ ನೋಡಲಿಕ್ಕೆ ಅವರಿಗೆ ಯಾರು ಕಲಿಸ್ಯಾರ? ಇಷ್ಟು ವರ್ಷ ಗೇಜು ನೀವೇ ಓದಿದ್ರಿ.

ಹಿರಿಯರು: ಹಂಗಾರ ಕರಿ ಆಕಿನ್ನ. ಗೇಜು ತೋರಸ್ತೀನಿ, ನಳ ಬಿಟ್ಟಾಗ ಕೆಂಪು, ಬಂದ್ ಮಾಡಿದಾಗ ಕೆಂಪು ಅಂದ್ರ ಏನಂತ ಹೇಳ್ತೀನಿ. ಕೇಳಿದ ಮ್ಯಾಲೂ ಆಕಿ ಆಟೋ ಬೇಕಂದ್ರ ನೀ ತರಸು, ನಾ ಬ್ಯಾಡ ಅನ್ನಂಗಿಲ್ಲ. ಒಪ್ಪೂದೂ ಇಲ್ಲ. ಮೊದಲು ಹೋಗಿ ಮೇನ್ ಬಂದ್ ಮಾಡಿ ಚೀಟಿ ಅಂಟಿಸಿ ಬಾ, ಬೆಳಕಿರೂದ್ರಾಗ ಫುಟ್‌ವಾಲ್ವ್ ಎತ್ತೋಣ.